ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಮನೆಯಲ್ಲೇ ಬದಲಿಸಬಹುದೇ? ಕನ್ವರ್ಟರಿನಲ್ಲಿ ಉಳಿಯುವ ಆಯಿಲಿಗೇನು ಮಾಡುವುದು?

ಪ್ರಶ್ನೆ: ನಾನು ಮಂಗಳೂರಿನ ಕೊಂಚಾಡಿಯಲ್ಲಿದ್ದೇನೆ. ಕೆಲಸಕ್ಕಾಗಿ ವಾರಕ್ಕೆ ಐದು ದಿನ ಕಾರಿನಲ್ಲಿ ಮಣಿಪಾಲಕ್ಕೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆಯಾದರೂ ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಹೋಗುವುದಿದೆ. ಕಾರು 2017ರ ಡೀಸೆಲ್ ಎಸ್‌ಯುವಿ, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. 92,000 ಕಿಲೋಮೀಟರ್ ಓಡಿದೆ, ಗೇರ್‌ಬಾಕ್ಸಿನ ಆಯಿಲ್ ಇದುವರೆಗೆ ಬದಲಿಸಿಲ್ಲ. ಈಚೆಗೆ 60–70ರ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡು ಹೋಗುವಾಗ ಸಣ್ಣ ನಡುಕ ಬರುತ್ತದೆ. ಒಂದು ವರ್ಕ್‌ಶಾಪಿನವರು ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ ಎಂದರು. ಇನ್ನೊಂದು ಕಡೆ ಮೆಷಿನ್ ಹಾಕಿ ಫ್ಲಶ್ ಮಾಡೋಣ ಎಂದರು. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್ ನಾನೇ ಬದಲಿಸಿ ಅಭ್ಯಾಸವಿದೆ. ಕನ್ವರ್ಟರಿನೊಳಗಿನದ್ದು ಸಹಿತ ಈ ಆಯಿಲನ್ನು ಮನೆಯಲ್ಲೇ ಬದಲಿಸಬಹುದೇ? ಕುಂದಾಪುರದಲ್ಲಿರುವ ನನ್ನ ಭಾವನ ಸಿವಿಟಿ ಕಾರಿಗೂ ಅದೇ ಆಯಿಲ್ ಆಗುತ್ತದೆಯೇ?

ಉತ್ತರ: ಬದಲಿಸಬಹುದು, ಆದರೆ ಒಂದೇ ಸಲಕ್ಕೆ ಪೂರ್ತಿಯಾಗಿ ಅಲ್ಲ. ನಿಮ್ಮ ಕಾರಿನಂಥ ಗೇರ್‌ಬಾಕ್ಸಿನಲ್ಲಿ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿದಾಗ ಇಳಿಯುವುದು ತಳದಲ್ಲಿ ನಿಂತ ಆಯಿಲ್ ಮಾತ್ರ. ಕನ್ವರ್ಟರ್, ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕ್ಲಚ್ಚಿಗೆ ಕಳಿಸುವ ವಾಲ್ವುಗಳ ಭಾಗ), ಕೂಲರ್ ಮತ್ತು ಅದರ ಪೈಪುಗಳಲ್ಲಿ ಇರುವುದು ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿಸಿ, ತುಂಬಿಸಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ ತುಂಬಿಸುವ ಕ್ರಮದಲ್ಲಿ ಹಳೆಯದರ ಪಾಲನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ಬರುವುದೇ ಮನೆಯಲ್ಲಿ ಮಾಡಬಹುದಾದ ದಾರಿ. ಈ ಕೆಲಸದಲ್ಲಿ ಬೋಲ್ಟ್ ಬಿಚ್ಚುವುದು ಕಷ್ಟವಲ್ಲ, ಕೊನೆಗೆ ಆಯಿಲಿನ ಮಟ್ಟವನ್ನು ಸರಿಯಾಗಿ ನಿಲ್ಲಿಸುವುದು ಕಷ್ಟ. ಸ್ವತಃ ಮಾಡಲು ಹೋಗಿ ಗೇರ್‌ಬಾಕ್ಸ್ ಕೆಡಿಸಿಕೊಂಡವರಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ.

ಕನ್ವರ್ಟರ್ ಏಕೆ ಖಾಲಿಯಾಗುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ, ಕ್ಲಚ್ ಇರಬೇಕಾದ ಜಾಗದಲ್ಲಿ ಕುಳಿತ, ಸುತ್ತಲೂ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ದುಂಡು ಡಬ್ಬ ಅದು. ಎಂಜಿನ್ ತಿರುಗಿಸುವ ಇಂಪೆಲ್ಲರ್ ಆಯಿಲನ್ನು ಎದುರಿನ ಟರ್ಬೈನಿಗೆ ಎಸೆಯುತ್ತದೆ. ಟರ್ಬೈನ್ ತಿರುಗಿ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರ್ ಮರಳಿ ಬರುವ ಆಯಿಲಿನ ದಿಕ್ಕು ತಿರುಗಿಸಿ ಟಾರ್ಕನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿನ ಟರ್ಬೈನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ದಾಟಿಸುವುದಕ್ಕೆ. ಈ ಡಬ್ಬಕ್ಕೆ ಆಯಿಲ್ ಹೋಗುವುದೂ ಬರುವುದೂ ನಡುಮಧ್ಯದ ಶಾಫ್ಟಿನ ಮೂಲಕವಾದ್ದರಿಂದ ಅದರ ಕೆಳ ಅರ್ಧದಲ್ಲಿ ನಿಂತದ್ದು ತಾನಾಗಿ ಹೊರಬರಲಾರದು. ಹಳೆಯ ಅಮೆರಿಕನ್ ಕಾರುಗಳಲ್ಲಿ, ಕೆಲವು ಹಳೆಯ ಮರ್ಸಿಡಿಸ್ ಮಾದರಿಗಳಲ್ಲಿ ಕನ್ವರ್ಟರಿಗೇ ಒಂದು ಡ್ರೈನ್ ಪ್ಲಗ್ ಇರುತ್ತಿತ್ತು; ಎಂಜಿನನ್ನು ಕೈಯಿಂದ ತಿರುಗಿಸಿ ಅದನ್ನು ಕೆಳಕ್ಕೆ ತಂದು ಬಿಚ್ಚಬಹುದಿತ್ತು. ಈಗಿನ ಕಾರುಗಳಲ್ಲಿ ಆ ಸೌಕರ್ಯ ಬಹುಮಟ್ಟಿಗೆ ಇಲ್ಲ.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಿರಿ. ಗೇರ್‌ಬಾಕ್ಸಿನ ಒಟ್ಟು ಆಯಿಲ್ 7 ಲೀಟರ್, ಒಂದು ಸಲಕ್ಕೆ ಇಳಿಯುವುದು 3 ಲೀಟರ್ ಎಂದುಕೊಳ್ಳಿ. ಮೊದಲ ಸಲ ಬದಲಿಸಿದ ಮೇಲೆ ಹಳೆಯ ಆಯಿಲ್ ಶೇಕಡ 57ರಷ್ಟು ಉಳಿದಿರುತ್ತದೆ. ಎರಡನೆಯ ಸಲಕ್ಕೆ 33. ಮೂರನೆಯ ಸಲಕ್ಕೆ 19. ನಾಲ್ಕನೆಯ ಸಲಕ್ಕೆ 11. ಮೂರು ಸಲಕ್ಕೆ 9 ಲೀಟರ್ ಹೊಸ ಆಯಿಲ್ ಬೇಕಾಗುತ್ತದೆ, ಐದರಲ್ಲಿ ನಾಲ್ಕು ಪಾಲು ಹೊಸದಾಗುತ್ತದೆ. ನಾಲ್ಕನೆಯ ಸಲದ ಮೂರು ಲೀಟರ್ ಕೊಡುವ ಲಾಭ ಅದರ ಬೆಲೆಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಎರಡು ಬದಲಾವಣೆಗಳ ನಡುವೆ ಕನಿಷ್ಠ ಒಂದು ವಾರದ ಓಡಾಟ ಇರಲಿ. ನಿಮ್ಮ ಮಣಿಪಾಲದ ಪ್ರಯಾಣದಲ್ಲಿ ಹೊಸದು ಹಳೆಯದು ಚೆನ್ನಾಗಿ ಬೆರೆಯುತ್ತವೆ.

ಲೈಫ್‌ಟೈಮ್ ಆಯಿಲ್ ಎಂಬ ಮಾತಿಗೆ ಬರೋಣ. ಸಾಮಾನ್ಯ ಬಳಕೆಯಲ್ಲಿ ಬದಲಿಸಬೇಕಿಲ್ಲ ಎಂದು ಹಲವು ಕಾರುಗಳ ಮ್ಯಾನುವಲ್ ಹೇಳುವುದು ನಿಜ, ಆದರೆ ಅದೇ ಮ್ಯಾನುವಲಿನಲ್ಲಿ ಕಠಿಣ ಬಳಕೆಗೆಂದು ಬೇರೊಂದು ಪಟ್ಟಿ ಇರುವುದನ್ನು ಯಾರೂ ತೆರೆದು ನೋಡುವುದಿಲ್ಲ. ಸೆಕೆಯ ಊರು, ಘಾಟಿ ರಸ್ತೆ, ನಿಂತು ನಿಂತು ಸಾಗುವ ಪೇಟೆಯ ಟ್ರಾಫಿಕ್ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಬೆಳಿಗ್ಗೆ ಪೇಟೆಯ ಟ್ರಾಫಿಕ್ಕಿನಲ್ಲಿ ತೆವಳಿ, ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತುವ ಕಾರು ಈ ಮೂರಕ್ಕೂ ಸೇರುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಗೇರ್‌ಬಾಕ್ಸುಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ, ಅಥವಾ ಎಂಟು ವರ್ಷಕ್ಕೆ, ಆಯಿಲ್ ಬದಲಿಸಲು ಹೇಳುತ್ತದೆ. ನಿಮ್ಮದು ಬೇರೆ ಕಂಪನಿಯ ಗೇರ್‌ಬಾಕ್ಸ್ ಇರಬಹುದು, ಆದರೆ ಆಯಿಲ್ ಹಳತಾಗುವ ಕಾರಣಗಳು ಎಲ್ಲ ಕಡೆ ಒಂದೇ: ಬಿಸಿಗೆ ಅದು ಆಕ್ಸಿಡೀಕರಣಗೊಳ್ಳುತ್ತದೆ, ಕ್ಲಚ್ ಪ್ಲೇಟುಗಳ ಪುಡಿ ಅದರಲ್ಲಿ ಸೇರುತ್ತದೆ, ಬೆರೆಸಿದ ರಾಸಾಯನಿಕಗಳು ಸವೆಯುತ್ತವೆ. ಘಾಟಿಯ ತಿರುವುಗಳಲ್ಲಿ ನಿಧಾನವಾಗಿ ಹತ್ತುವಾಗ ಕನ್ವರ್ಟರ್ ಲಾಕ್ ಆಗದೆ ಜಾರುತ್ತಲೇ ಇರುವುದರಿಂದ ಎಂಜಿನಿನ ಶಕ್ತಿಯ ಒಂದು ಪಾಲು ನೇರವಾಗಿ ಆಯಿಲಿನ ಬಿಸಿಯಾಗುತ್ತದೆ.

ನೀವು ಹೇಳಿದ ನಡುಕ ಆಯಿಲಿನದೇ ಎಂದು ಖಾತ್ರಿ ಮಾಡಿಕೊಳ್ಳದೆ ಹಣ ಹಾಕಬೇಡಿ. ಸಮವೇಗದಲ್ಲಿ ಹೋಗುವಾಗ ಕನ್ವರ್ಟರಿನೊಳಗಿನ ಲಾಕ್‌ಅಪ್ ಕ್ಲಚ್ ಎಂಜಿನನ್ನೂ ಗೇರ್‌ಬಾಕ್ಸನ್ನೂ ಬಿಗಿದು ಒಂದಾಗಿಸುತ್ತದೆ. ಈಗಿನ ಕಾರುಗಳಲ್ಲಿ ಆ ಕ್ಲಚ್ಚನ್ನು ಬೇಕೆಂದೇ ಕೊಂಚ ಜಾರಲು ಬಿಡುವುದೂ ಉಂಟು. ಆಯಿಲಿನಲ್ಲಿರುವ ಘರ್ಷಣೆ ಹದಗೊಳಿಸುವ ಅಂಶ ಸವೆದುಹೋದಾಗ ಆ ಜಾರುವಿಕೆ ನಯವಾಗಿ ನಡೆಯದೆ, ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು, ಟೋಲ್‌ಗೇಟಿನ ಮುಂದೆ ರಸ್ತೆಗೆ ಹಾಕಿದ ಪಟ್ಟಿಗಳ ಮೇಲೆ ಹೋದಂಥ ನಡುಕ ಹುಟ್ಟುತ್ತದೆ. ಪರೀಕ್ಷೆ ಹೀಗೆ: ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ನಡುಕ ಬರುತ್ತಿರುವಾಗ, ಆಕ್ಸಿಲರೇಟರನ್ನು ಹಾಗೆಯೇ ಹಿಡಿದು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಬ್ರೇಕ್ ಪೆಡಲನ್ನು ಎಡಗಾಲಿನಿಂದ ಮುಟ್ಟಿರಿ. ಆಗ ಲಾಕ್‌ಅಪ್ ಬಿಡುತ್ತದೆ, ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇರುತ್ತದೆ. ಆ ಕ್ಷಣದಲ್ಲೇ ನಡುಕ ನಿಂತರೆ ಸಂಶಯ ಲಾಕ್‌ಅಪ್ ಕ್ಲಚ್ ಮತ್ತು ಆಯಿಲಿನ ಮೇಲೆ. ನಿಲ್ಲದಿದ್ದರೆ ಇಂಜೆಕ್ಟರ್, ಎಂಜಿನ್ ಮೌಂಟಿಂಗ್, ಡ್ರೈವ್ ಶಾಫ್ಟ್ ಇವುಗಳನ್ನು ಮೊದಲು ನೋಡಿಸಿ.

ಆಯಿಲಿನ ಆಯ್ಕೆಯಲ್ಲಿ ಚೌಕಾಸಿ ಬೇಡ. ಕೆಂಪಗಿದ್ದ ಮಾತ್ರಕ್ಕೆ ಎಲ್ಲ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಒಂದೇ ಅಲ್ಲ. ಟೊಯೋಟಾದ ಡಬ್ಲ್ಯುಎಸ್, ಹ್ಯುಂಡೈ ಮತ್ತು ಕಿಯಾದ ಎಸ್‌ಪಿ-4, ಜನರಲ್ ಮೋಟಾರ್ಸಿನ ಡೆಕ್ಸ್‌ರಾನ್-6, ಹೋಂಡಾದ ಡಿಡಬ್ಲ್ಯು-1 ಇವು ಬೇರೆ ಬೇರೆ ನಿರ್ದಿಷ್ಟತೆಗಳು. ಒಂದೇ ಕಂಪನಿಯ ಹಳೆಯದೂ ಹೊಸದೂ ಕೆಲವೊಮ್ಮೆ ಒಂದಕ್ಕೊಂದು ಹೊಂದುವುದಿಲ್ಲ, ಟೊಯೋಟಾದ ಟಿ-4 ಬೇಕಾದಲ್ಲಿ ಡಬ್ಲ್ಯುಎಸ್ ಹಾಕುವಂತಿಲ್ಲ. ಮ್ಯಾನುವಲಿನಲ್ಲಿ ಬರೆದ ಹೆಸರು ಡಬ್ಬದ ಮೇಲೆ ಅಕ್ಷರಶಃ ಇರಬೇಕು. ಎಲ್ಲ ಗೇರ್‌ಬಾಕ್ಸಿಗೂ ಆಗುತ್ತದೆ ಎಂದು ಮಾರುವ ಡಬ್ಬವನ್ನು ನಾನಾಗಿದ್ದರೆ ಕೊಳ್ಳುವುದಿಲ್ಲ. ವ್ಯತ್ಯಾಸವಿರುವುದು ಬಣ್ಣದಲ್ಲಲ್ಲ, ತೆಳುವು ಮತ್ತು ಘರ್ಷಣೆಯ ಗುಣದಲ್ಲಿ. ಒಂದು ಕಾಲದಲ್ಲಿ ಈ ಗುಣಕ್ಕಾಗಿ ಎಟಿಎಫ್‌ಗೆ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ರಾಸಾಯನಿಕ ಹುಡುಕಲು ಕಂಪನಿಗಳು ಸಾಕಷ್ಟು ಪರದಾಡಿದವು. ನಿಮ್ಮ ಭಾವನವರ ಸಿವಿಟಿಗೆ ಈ ಯಾವ ಆಯಿಲೂ ಆಗದು. ಅಲ್ಲಿ ಗೇರುಗಳ ಬದಲು ಇರುವ ಉಕ್ಕಿನ ಬೆಲ್ಟು ಪುಲ್ಲಿಯನ್ನು ಜಾರದೆ ಕಚ್ಚಿ ಹಿಡಿಯಬೇಕು, ಅದಕ್ಕೆ ಸಿವಿಟಿ ಫ್ಲೂಯಿಡ್ ಎಂಬ ಬೇರೆಯೇ ಆಯಿಲ್ ಇದೆ. ತಪ್ಪಿ ಎಟಿಎಫ್ ಹಾಕಿದರೆ ಬೆಲ್ಟು ಹಾಳಾಗುತ್ತದೆ. ಹಾಗೆಯೇ ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ) ಕಾರುಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ, ಇಲ್ಲಿ ಬರೆಯುತ್ತಿರುವುದು ಅವಕ್ಕೆ ಅನ್ವಯಿಸುವುದಿಲ್ಲ.

ಕೆಲಸದ ಕಾಲ ಮತ್ತು ಜಾಗದ ಬಗ್ಗೆ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಇದಕ್ಕೆ ಕೈ ಹಾಕಬೇಡಿ. ಎಟಿಎಫ್ ಗಾಳಿಯ ತೇವವನ್ನು ಹೀರುತ್ತದೆ, ತೇವ ಸೇರಿದ ಆಯಿಲಿನಲ್ಲಿ ಕ್ಲಚ್ ಪ್ಲೇಟಿನ ಕಾಗದದಂಥ ಪದರದ ಅಂಟು ಸಡಿಲಾಗುತ್ತದೆ. ಒಣ ದಿನವಾದರೂ ಡಬ್ಬದ ಮುಚ್ಚಳ ತೆರೆದಿಡಬೇಡಿ. ಕೊಂಚಾಡಿಯಂಥ ಗುಡ್ಡದ ಜಾಗದಲ್ಲಿ ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ, ಅಂಗಳ ಇಳಿಜಾರಿದ್ದರೆ ಮಟ್ಟ ಸಿಗುವುದಿಲ್ಲ. ಇಂಟರ್‌ಲಾಕ್ ಹಾಸಿದ ನೆಲದಲ್ಲಿ ಜ್ಯಾಕಿನ ಕಾಲು ಒಂದೇ ಇಟ್ಟಿಗೆಯ ಮೇಲೆ ಕುಸಿಯಬಹುದು, ಕೆಳಗೆ ದಪ್ಪ ಹಲಗೆ ಹಾಕಿ. ಕಾರಿನಡಿಗೆ ಮುರಕಲ್ಲು ಕೊಡುವ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬೇಡ. ಭಾರ ಒಂದು ಮೂಲೆಗೆ ಬಿದ್ದರೆ ಮುರಕಲ್ಲು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ, ಕೆಳಗೆ ನೀವಿರುತ್ತೀರಿ. ನಾಲ್ಕು ಮೂಲೆಗೂ ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಮೇಸ್ತ್ರಿಗಳ ರಸಮಟ್ಟವನ್ನು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಮುಂದಿನ ಚಕ್ರಗಳನ್ನು ಮಾತ್ರ ರ‍್ಯಾಂಪಿಗೆ ಹತ್ತಿಸಿದರೆ ಆಯಿಲ್ ಇಳಿಸಲು ಸಾಕು, ಮಟ್ಟ ನೋಡಲು ಆಗದು.

ಗೇರ್‌ಬಾಕ್ಸ್ ಉಗುರು ಬೆಚ್ಚಗಿರುವಾಗ ಕೆಲಸ ಶುರು ಮಾಡಿ. ಘಾಟಿ ಇಳಿದು ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದ ಮೇಲೆ, ಡ್ರೈನ್ ಪ್ಲಗ್ಗಿಗೆ ಪಾನಾ ಹಾಕುವ ಮೊದಲು, ತುಂಬಿಸುವ ಪ್ಲಗ್ ಬಿಚ್ಚಿ ಬರುತ್ತದೆಯೇ ನೋಡಿ. ಮಲ್ಪೆ, ಪಣಂಬೂರು, ಉಳ್ಳಾಲದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಪ್ಲಗ್ಗುಗಳು ತುಕ್ಕಿಗೆ ಕಚ್ಚಿಕೊಂಡಿರುವುದುಂಟು; ಇರುವ ಆಯಿಲನ್ನೆಲ್ಲ ಇಳಿಸಿದ ಮೇಲೆ ತುಂಬಿಸುವ ದಾರಿಯೇ ತೆರೆಯದಿದ್ದರೆ ಕಾರು ಅಂಗಳದಲ್ಲೇ ಉಳಿಯುತ್ತದೆ. ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಮೊದಲೇ ಒರೆಸಿ. ಒರೆಸಲು ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ. ಅದರ ನೂಲಿನ ಎಳೆ ಒಂದು ಒಳಗೆ ಹೋದರೂ ವಾಲ್ವ್ ಬಾಡಿಯ ಕೂದಲೆಳೆಯ ಸಂದಿಯಲ್ಲಿ ಸಿಕ್ಕಿಕೊಂಡು ಗೇರ್ ಬೀಳದಂತೆ ಮಾಡಬಲ್ಲುದು.

ಇಳಿದ ಆಯಿಲನ್ನು ಅಳತೆಯ ಗೆರೆಗಳಿರುವ ಪಾತ್ರೆಗೆ ಹಿಡಿಯಿರಿ. ಎಷ್ಟು ಇಳಿಯಿತೋ ಅಷ್ಟನ್ನೇ ಮರಳಿ ತುಂಬಿಸುವುದು ಮೊದಲ ಅಂದಾಜಿಗೆ ಸರಿಯಾದರೂ ಅದನ್ನೇ ಅಂತಿಮವೆಂದು ತಿಳಿಯಬಾರದು. ಆಯಿಲಿನ ಉಷ್ಣತೆ 40 ಡಿಗ್ರಿ ಏರಿದರೆ ಗಾತ್ರ ಶೇಕಡ ಮೂರರಷ್ಟು ಹಿಗ್ಗುತ್ತದೆ. ಬಿಸಿಯಾಗಿ ಇಳಿದ ಮೂರು ಲೀಟರಿಗೆ ತಣ್ಣಗಿನ ಮೂರು ಲೀಟರ್ ತುಂಬಿಸಿದರೆ ಸುಮಾರು ನೂರು ಮಿಲಿಲೀಟರ್ ಹೆಚ್ಚಾಗಿರುತ್ತದೆ. ಮೊದಲೇ ಕಡಿಮೆ ಇದ್ದರೆ ಆ ಕೊರತೆಯೂ ಹಾಗೆಯೇ ಮುಂದುವರಿಯುತ್ತದೆ. ಡ್ರೈನ್ ಪ್ಲಗ್ಗಿನ ವಾಷರನ್ನು ಪ್ರತಿ ಸಲ ಹೊಸದು ಹಾಕಿ, ಮ್ಯಾನುವಲಿನ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಲ್ಯೂಮಿನಿಯಂ ಕೇಸಿನ ಮರೆ (ಥ್ರೆಡ್) ಕಿತ್ತುಹೋದರೆ ಖರ್ಚು ದೊಡ್ಡದು. ಆಯಿಲ್ ತುಂಬುವ ಮೊದಲು ಯಾವ ಕಾರಣಕ್ಕೂ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಇನ್ನು ಮಟ್ಟ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಮಟ್ಟ ನೋಡಲೆಂದೇ ಒಂದು ಪ್ಲಗ್ ಇರುತ್ತದೆ. ಅದರ ಎತ್ತರಕ್ಕಿಂತ ಹೆಚ್ಚಾದದ್ದು ಅಲ್ಲಿಂದ ಹರಿದು ಹೋಗಬೇಕು. ಆದರೆ ಇದು ಎಂಜಿನ್ ಓಡುತ್ತಿರುವಾಗ, ಆಯಿಲ್ ನಿಗದಿತ ಉಷ್ಣತೆಯಲ್ಲಿರುವಾಗ ಮಾತ್ರ ನಿಜ ಹೇಳುತ್ತದೆ. ಎಂಜಿನ್ ನಿಂತಾಗ ಪಂಪ್ ನಿಲ್ಲುತ್ತದೆ, ಮೇಲಿನ ಆಯಿಲಿನ ಒಂದು ಪಾಲು ತಳಕ್ಕೆ ಇಳಿಯುತ್ತದೆ. ಆಗ ಪ್ಲಗ್ ಬಿಚ್ಚಿದವರು ಹೆಚ್ಚಾಯಿತು ಎಂದುಕೊಂಡು ಬೇಕಾದ ಆಯಿಲನ್ನೇ ಹೊರಗೆ ಬಿಡುತ್ತಾರೆ. ಉಷ್ಣತೆಯ ಅಂಕಿ ಪ್ರತಿ ಗೇರ್‌ಬಾಕ್ಸಿಗೂ ಬೇರೆ: ಹ್ಯುಂಡೈನ ಆರು ಗೇರಿನದ್ದಕ್ಕೆ 50ರಿಂದ 60 ಡಿಗ್ರಿ, ಟೊಯೋಟಾದ ಹಲವಕ್ಕೆ 40ರ ಆಸುಪಾಸು. ನಿಮ್ಮದರ ಸರಿಯಾದ ಅಂಕಿಯನ್ನು ಸರ್ವಿಸ್ ಮ್ಯಾನುವಲಿನಿಂದಲೇ ತೆಗೆದುಕೊಳ್ಳಿ. ಕಾರಿನ ಕಂಪ್ಯೂಟರಿಗೆ ಜೋಡಿಸಿ ಆಯಿಲಿನ ಉಷ್ಣತೆ ನೋಡುವ ಓಬಿಡಿ ಸ್ಕ್ಯಾನರ್ ಇಲ್ಲದೆ ಈ ಕೆಲಸ ಶುರು ಮಾಡಲೇಬೇಡಿ; ಎಂಜಿನ್ ಕೂಲಂಟಿನ ಉಷ್ಣತೆ ಅದಕ್ಕೆ ಬದಲಿಯಲ್ಲ.

ಕಾರಿನೊಳಗೆ ಒಬ್ಬರು ಕುಳಿತು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪಿ, ಆರ್, ಎನ್, ಡಿ ಹೀಗೆ ಪ್ರತಿಯೊಂದರಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸುತ್ತಾ ಹೋಗಿ ಮರಳಿ ಪಿಗೆ ತರಲಿ. ಇದರಿಂದ ಎಲ್ಲ ಕಾಲುವೆಗಳಲ್ಲೂ ಆಯಿಲ್ ತುಂಬುತ್ತದೆ. ಈ ಹೊತ್ತಿನಲ್ಲಿ ಕಾರಿನಡಿ ಯಾರೂ ಇರಬಾರದು. ಲಿವರ್ ಪಿಗೆ ಬಂದು, ಸ್ಕ್ಯಾನರಿನಲ್ಲಿ ಬೇಕಾದ ಅಂಕಿ ಕಂಡಾಗ, ಎಂಜಿನ್ ಓಡುತ್ತಿರುವಂತೆಯೇ ಮಟ್ಟದ ಪ್ಲಗ್ ಬಿಚ್ಚಿ. ಆಯಿಲ್ ಧಾರೆಯಾಗಿ ಹರಿದರೆ ಹೆಚ್ಚಿದೆ, ಅದು ನೂಲಿನಂತೆ ತೆಳುವಾಗಿ ಹನಿಯುವವರೆಗೆ ಬಿಡಿ. ಏನೂ ಬರದಿದ್ದರೆ ಕಡಿಮೆ ಇದೆ, ಮೇಲಿನಿಂದ ಸ್ವಲ್ಪ ಸ್ವಲ್ಪವೇ ತುಂಬಿಸಿ. ನೋಡುತ್ತಾ ಕೂತರೆ ಉಷ್ಣತೆ ಮಿತಿ ದಾಟಿ ಹೋಗುತ್ತದೆ. ದಾಟಿದರೆ ಪ್ಲಗ್ ಹಾಕಿ, ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಮತ್ತೆ ನೋಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಬೇಡಿ, ಎಂಜಿನ್ ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ.

ಇಷ್ಟೆಲ್ಲ ಹಠ ಏಕೆಂದರೆ, ಅರ್ಧ ಲೀಟರ್ ಕಡಿಮೆಯಾದ ಗೇರ್‌ಬಾಕ್ಸ್ ಕುಳೂರು–ಸುರತ್ಕಲ್‌ನ ನೇರ ರಸ್ತೆಯಲ್ಲಿ ಯಾವ ದೂರೂ ಹೇಳದು. ಚಾರ್ಮಾಡಿಯ ತಿರುವಿನಲ್ಲಿ, ಅಥವಾ ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ, ಆಯಿಲ್ ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಹೆಚ್ಚಾದರೂ ಗೇರುಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆಯೂ ಗಾಳಿಯೇ. ಅಂಗಳದಲ್ಲಿ ಮಟ್ಟ ಸಿಗದಿದ್ದರೆ ನನ್ನ ಸಲಹೆ ಇಷ್ಟು: ಇಳಿಸಿ ತುಂಬಿಸುವುದನ್ನು ಮನೆಯಲ್ಲಿ ಮಾಡಿ, ಹತ್ತಿರದ ವೀಲ್ ಅಲೈನ್‌ಮೆಂಟ್ ಅಂಗಡಿಗೆ ನಿಧಾನವಾಗಿ ಓಡಿಸಿಕೊಂಡು ಹೋಗಿ, ಅಲ್ಲಿನ ಲಿಫ್ಟಿನ ಮೇಲೆ ಮಟ್ಟ ನೋಡಿ. ಅಲೈನ್‌ಮೆಂಟಿನ ಕೆಲಸಕ್ಕೇ ಸಮತಟ್ಟು ಬೇಕಾದ್ದರಿಂದ ಆ ಲಿಫ್ಟನ್ನು ಮಟ್ಟ ಮಾಡಿಯೇ ಕೂರಿಸಿರುತ್ತಾರೆ. ಹೋದಾಗ ಆಯಿಲ್ ಬಿಸಿಯಾಗಿರುತ್ತದೆ, ತಣಿಯುವವರೆಗೆ ಕಾಯುವ ಸಹನೆ ಬೇಕು.

ಇಳಿದ ಆಯಿಲನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಕಂದು ಬಣ್ಣ ಈ ವಯಸ್ಸಿಗೆ ಸಹಜ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಆಗಲೇ ಸವೆದಿವೆ. ಪ್ಲಗ್ಗಿನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಮೆತ್ತೆ ಇರುವುದು ಸಾಮಾನ್ಯ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮುಂದಿನ ಎರಡು ಬದಲಾವಣೆಗಳ ಆಯಿಲ್ ಕೊಳ್ಳಬೇಡಿ, ಗೇರ್‌ಬಾಕ್ಸ್ ಬಿಚ್ಚಬಲ್ಲವರ ಬಳಿ ಹೋಗಿ. ಹಾಲು ಬೆರೆತ ಗುಲಾಬಿ ಬಣ್ಣ ಕಂಡರೆ ನೀರು ಸೇರಿದೆ: ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲಂಟ್ ಬಂದಿರಬಹುದು, ಇಲ್ಲವೇ ನೆರೆನೀರಿನಲ್ಲಿ ಕಾರು ನಿಂತಿರಬಹುದು. 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ನೆರೆ ನುಗ್ಗಿದಂಥ ದಿನಗಳಲ್ಲಿ ಗಾಳಿಯಾಡುವ ಬ್ರೀದರ್ ನಳಿಕೆಯ ಮೂಲಕ ನೀರು ಒಳಸೇರುವುದುಂಟು. ಅಂಥ ಕಾರಿಗೆ ಹಂತಹಂತದ ಬದಲಾವಣೆ ಸಾಲದು.

ಆಯಿಲ್ ಬದಲಿಸಿದ್ದರಿಂದಲೇ ಗೇರ್‌ಬಾಕ್ಸ್ ಹೋಯಿತು ಎಂಬ ಮಾತು ನೀವು ಕೇಳಿರುತ್ತೀರಿ. ಹೆಚ್ಚಿನ ಸಂದರ್ಭಗಳಲ್ಲಿ ಅದು ಆಗಲೇ ಹೋಗಿದ್ದ ಗೇರ್‌ಬಾಕ್ಸು. ಜಾರಲು ಶುರುವಾದ ಮೇಲೆ ಆಯಿಲ್ ಬದಲಿಸಿದರು, ಅಪವಾದ ಹೊಸ ಆಯಿಲಿಗೆ ಬಂತು. ಆದರೆ 92,000 ಕಿಲೋಮೀಟರ್ ಮುಟ್ಟದೆ ಬಿಟ್ಟ ಗೇರ್‌ಬಾಕ್ಸಿಗೆ ಮೆಷಿನಿನಿಂದ ಕ್ಲೀನಿಂಗ್ ರಾಸಾಯನಿಕ ಹಾಕಿ ಒತ್ತಡದಲ್ಲಿ ತೊಳೆಯುವುದನ್ನು ನಾನು ಒಪ್ಪುವುದಿಲ್ಲ, ತಳದಲ್ಲಿ ಕುಳಿತ ಕೊಳೆ ಎದ್ದು ವಾಲ್ವುಗಳಿಗೆ ಹೋಗಬಹುದು. ಕೂಲರಿನಿಂದ ಮರಳುವ ಪೈಪ್ ಬಿಚ್ಚಿ, ಗೇರ್‌ಬಾಕ್ಸಿನ ಪಂಪಿನಿಂದಲೇ ಹೊರದೂಡಿಸಿ, ಹೊರಬಂದಷ್ಟನ್ನೇ ತುಂಬಿಸುತ್ತಾ ಹೋಗುವ ವಿಧಾನದಲ್ಲಿ ಕನ್ವರ್ಟರಿನ ಆಯಿಲೂ ಬದಲಾಗುತ್ತದೆ, ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ತುಂಬಿಸುವವರ ಕೈ ಕೊಂಚ ತಡವಾದರೂ ಪಂಪ್ ಒಣಗುತ್ತದೆ. ಮೊದಲ ಸಲ ಮಾಡುವವರಿಗೆ ಅದು ಬೇಡ.

ಹಳೆಯ ಆಯಿಲನ್ನು ಅಂಗಳದ ಮೂಲೆಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. ಮುರಕಲ್ಲಿನ ನೆಲ ತೂತುತೂತಾದದ್ದು, ಸುರಿದದ್ದು ನಿಮ್ಮದೇ ಬಾವಿಗೋ ಪಕ್ಕದ ಮನೆಯ ಬಾವಿಗೋ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲೂ ಬರುತ್ತದೆ. ಹೊಸ ಆಯಿಲಿನ ಖಾಲಿ ಡಬ್ಬಗಳಿಗೇ ತುಂಬಿ, ಹಳೆಯ ಆಯಿಲನ್ನು ಅಧಿಕೃತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಮೊದಲ ಬದಲಾವಣೆಗೇ ನಡುಕ ಪೂರ್ತಿ ನಿಲ್ಲಬೇಕೆಂದು ಕಾಯಬೇಡಿ. ಹೊಸ ಆಯಿಲಿನ ಪಾಲು ಹೆಚ್ಚಾಗುತ್ತಾ, ಕೆಲವು ನೂರು ಕಿಲೋಮೀಟರ್ ಓಡುತ್ತಾ ಅದು ತಗ್ಗಬೇಕು. ಮೂರನೆಯದಾದ ಮೇಲೂ ಹಾಗೆಯೇ ಇದ್ದರೆ ಲಾಕ್‌ಅಪ್ ಕ್ಲಚ್ಚಿನ ಪದರವೇ ಸವೆದಿದೆ ಅಥವಾ ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ತಿನ ವಾಲ್ವ್) ಕೆಟ್ಟಿದೆ ಎಂದು ತಿಳಿದು ತಪಾಸಣೆ ಮಾಡಿಸಿ. ಸೊಲೆನಾಯ್ಡನ್ನು ಮೊದಲು ನೋಡಲು ಹೇಳಿ, ಏಕೆಂದರೆ ಕನ್ವರ್ಟರ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ.